ನೀರಿಲ್ಲದ ದೋಣಿ: ಗುರಿ ಎಷ್ಟು, ಲೆಕ್ಕ ಹೇಗೆ?

ಅರಸೀಕೆರೆಯ ಹೆಸರಿನಲ್ಲೇ ಕೆರೆ ಇದೆ. ಹಳೇಬೀಡು ಹೊಯ್ಸಳರ ಕಾಲದಲ್ಲಿ ದ್ವಾರಸಮುದ್ರವಾಗಿತ್ತು. ಬೇಲೂರಿನ ಕೆರೆಗೆ ವಿಷ್ಣುಸಮುದ್ರವೆಂದು ಹೆಸರು. ಕೆರೆಯನ್ನೇ ಸಮುದ್ರವೆಂದು ಕರೆದ ಸೀಮೆ ನಮ್ಮದು. ಆದರೂ ದೋಣಿಗೆ ಹುಟ್ಟು ಹಾಕಿ ಬೆವರಿಳಿಸಿದವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರು? ಮೀನು ಹಿಡಿಯುವವರನ್ನು ಬಿಟ್ಟರೆ, ರಜೆಯ ದಿನ ಮಕ್ಕಳನ್ನು ಕರೆದುಕೊಂಡು ಯಗಚಿ ಜಲಾಶಯದಲ್ಲಿ ದೋಣಿ ವಿಹಾರ ಮಾಡಿ ಬಂದವರು ಸಿಗಬಹುದು, ಅಷ್ಟೆ. ಹೀಗಿರುವಾಗ ಹುಟ್ಟು ಹಾಕುವ ಕೆಲಸ ಈಗ ನೀರಿನ ಹಂಗೇ ಇಲ್ಲದೆ ನಮ್ಮ ನಡುಮನೆಗೆ ಬಂದಿದೆ. ರೋಯಿಂಗ್ ಮೆಷಿನ್ ಎಂಬ ಈ ಯಂತ್ರವನ್ನು ಕೆಲವರು ಜಿಮ್‌ನಲ್ಲಿ ಕಂಡಿದ್ದಾರೆ. ಇನ್ನು ಕೆಲವರಿಗೆ ಬೆಂಗಳೂರಿನಲ್ಲಿರುವ ಮಗನೋ ಅಳಿಯನೋ ಮನೆಗೇ ತರಿಸಿಕೊಟ್ಟಿದ್ದಾರೆ. ನಮ್ಮಂಥ ತಾಲ್ಲೂಕು ಊರಿನ ವೈದ್ಯರ ಬಳಿಯೂ ಇದರ ಬಗ್ಗೆ ಪ್ರಶ್ನೆಗಳು ಬರತೊಡಗಿವೆ. ಆ ಪ್ರಶ್ನೆಗಳೆಲ್ಲ ಹೆಚ್ಚುಕಡಿಮೆ ಒಂದೇ: ದಿನಕ್ಕೆ ಎಷ್ಟು ಮಾಡಬೇಕು? ಎಷ್ಟಾದರೆ ಗೆದ್ದಂತೆ?

ಈ ಆಸಕ್ತಿಯ ಹಿಂದೆ ಒಂದು ಭಯವೂ ಇದೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಇಡೀ ನಾಡು ಎದೆಯ ಮೇಲೆ ಕೈಯಿಟ್ಟುಕೊಂಡಿತು. 2025ರ ಮೇ, ಜೂನ್ ತಿಂಗಳಲ್ಲಿ ನಮ್ಮ ಹಾಸನ ಜಿಲ್ಲೆಯಲ್ಲೇ ಇಪ್ಪತ್ತಕ್ಕೂ ಹೆಚ್ಚು ಮಂದಿ ಹಠಾತ್ತನೆ ತೀರಿಕೊಂಡ ಸುದ್ದಿಗಳು ಒಂದರ ಮೇಲೊಂದು ಬಂದವು. ಅವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಮೈಸೂರು, ಬೆಂಗಳೂರುಗಳ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವದಿಂದಲೇ ಜನ ಸಾಲುಗಟ್ಟಿದರು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿತು. ಹೃದಯಾಘಾತದ ಸಾವುಗಳು ಹಿಂದಿಗಿಂತ ವಿಪರೀತ ಏರಿವೆ ಎನ್ನಲು ಆಧಾರವಿಲ್ಲ ಎಂದು ಸಮಿತಿ ಹೇಳಿತು. ಸತ್ತವರಲ್ಲಿ ಅನೇಕರಿಗೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನದಂಥ ಹಳೆಯ ಕಾರಣಗಳೇ ಇದ್ದವು. ದಿನವಿಡೀ ಕೂತೇ ದುಡಿಯುವ ಆಟೋ, ಕ್ಯಾಬ್ ಚಾಲಕರೂ ಅವರಲ್ಲಿದ್ದರು.

ವರದಿ ಬಂದರೂ ಜನರ ಮನಸ್ಸಿನ ಭಯ ಪೂರ್ತಿ ಹೋಗಲಿಲ್ಲ. ಅದು ಎರಡು ದಿಕ್ಕಿಗೆ ಹರಿಯಿತು. ಒಂದು ಗುಂಪು, ವ್ಯಾಯಾಮ ಮಾಡಿದವರೇ ಸಾಯುತ್ತಾರೆಂದು ಇದ್ದ ವಾಕಿಂಗನ್ನೂ ಬಿಟ್ಟು ಕೂತಿತು. ಇನ್ನೊಂದು ಗುಂಪು, ಇಪ್ಪತ್ತು ವರ್ಷ ಮಾಡದ ವ್ಯಾಯಾಮವನ್ನು ಇಪ್ಪತ್ತು ದಿನದಲ್ಲಿ ಮಾಡಿ ಮುಗಿಸಲು ಹೊರಟಿತು. ನನ್ನ ಅಭಿಪ್ರಾಯದಲ್ಲಿ ಎರಡೂ ತಪ್ಪು. ಆದರೆ ಎರಡನೆಯವರಿಗೆ ಮೊದಲು ಬುದ್ಧಿ ಹೇಳಬೇಕು, ಏಕೆಂದರೆ ಅವರು ಈಗಾಗಲೇ ಯಂತ್ರ ಹತ್ತಿ ಕೂತಿದ್ದಾರೆ.

ಇದನ್ನು ಸುಮ್ಮನೆ ಹೇಳುತ್ತಿಲ್ಲ. ಅಮೆರಿಕದ ಸಂಶೋಧಕರು ಹೃದಯಾಘಾತವಾದ 1,200ಕ್ಕೂ ಹೆಚ್ಚು ಮಂದಿಯನ್ನು ವಿಚಾರಿಸಿ 1993ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮೈಮುರಿಯುವ ಶ್ರಮ ಮಾಡಿದ ಮುಂದಿನ ಒಂದು ಗಂಟೆಯಲ್ಲಿ ಹೃದಯಾಘಾತದ ಅಪಾಯ ಎಷ್ಟು ಹೆಚ್ಚುತ್ತದೆ ಎಂಬುದು ಅವರ ಪ್ರಶ್ನೆ. ವಾರಕ್ಕೆ ಐದು ಅಥವಾ ಹೆಚ್ಚು ಸಲ ಅಂಥ ಶ್ರಮದ ಅಭ್ಯಾಸವಿದ್ದವರಲ್ಲಿ ಅದು ಎರಡೂವರೆ ಪಟ್ಟಿನಷ್ಟಿತ್ತು. ವಾರಕ್ಕೆ ಒಮ್ಮೆಯೂ ಅಭ್ಯಾಸವಿಲ್ಲದವರಲ್ಲಿ ನೂರು ಪಟ್ಟನ್ನು ದಾಟಿತ್ತು! ಆ ಒಂದು ಗಂಟೆಯ ಅಪಾಯ ಮೂಲದಲ್ಲಿ ಬಹಳ ಚಿಕ್ಕದು, ಆದ್ದರಿಂದ ನೂರು ಪಟ್ಟು ಎಂಬುದನ್ನು ಓದಿ ಹೆದರಬೇಕಾಗಿಲ್ಲ. ಆದರೆ ಅದೇ ಶ್ರಮ ಅಭ್ಯಾಸವಿದ್ದವನಿಗೆ ಒಂದು ಬಗೆ, ಇಲ್ಲದವನಿಗೆ ಇನ್ನೊಂದು ಬಗೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಹಳೆಯ ಮೈಸೂರು ಸೀಮೆಯ ಗರಡಿ ಮನೆಗಳಲ್ಲಿ ಉಸ್ತಾದರು ಇದನ್ನು ಯಾವ ಅಧ್ಯಯನವನ್ನೂ ಓದದೆ ತಿಳಿದಿದ್ದರು. ಹೊಸದಾಗಿ ಬಂದ ಹುಡುಗ ಎಷ್ಟೇ ಕಟ್ಟುಮಸ್ತಾಗಿರಲಿ, ಮೊದಲ ದಿನವೇ ನೂರು ಬಸ್ಕಿ ಹೊಡೆಸುತ್ತಿರಲಿಲ್ಲ. ದಿನಕ್ಕೆ ಐದೋ ಹತ್ತೋ ಏರಿಸುತ್ತಾ, ಲೆಕ್ಕ ತಾವೇ ಇಡುತ್ತಿದ್ದರು. ನಡುಮನೆಯ ಯಂತ್ರದ ಮುಂದೆ ಉಸ್ತಾದರಿಲ್ಲ. ಆ ಕೆಲಸವನ್ನು ನಾವೇ ಮಾಡಿಕೊಳ್ಳಬೇಕು.

ಯಂತ್ರವನ್ನು ನೋಡದವರಿಗಾಗಿ ಎರಡು ಮಾತು. ಉದ್ದನೆಯ ಹಳಿ, ಅದರ ಮೇಲೆ ಹಿಂದೆ ಮುಂದೆ ಜಾರುವ ಪೀಠ, ಪಾದಗಳನ್ನು ಬಿಗಿಯುವ ಪಟ್ಟಿ, ಸರಪಳಿಗೆ ಕಟ್ಟಿದ ಹಿಡಿ. ಹಿಡಿಯನ್ನು ಎಳೆದಂತೆ ಮುಂದಿನ ಫ್ಯಾನಿನ ಚಕ್ರ ತಿರುಗುತ್ತದೆ. ಬಹಳ ಕಡೆ ಕಾಣಿಸುವ ಮಾದರಿಯನ್ನು ಅಮೆರಿಕದ ಕಾನ್ಸೆಪ್ಟ್ ಟೂ ಕಂಪನಿಯ ಇಬ್ಬರು ಸಹೋದರರು 1981ರಲ್ಲಿ ಹೊರತಂದರು. ಮೊದಲ ಯಂತ್ರದಲ್ಲಿದ್ದುದು ಸೈಕಲ್ಲಿನ ಚಕ್ರವೇ. ಇದು ಕೈಯ ವ್ಯಾಯಾಮ ಎಂದು ನೋಡಿದವರೆಲ್ಲ ತಿಳಿಯುತ್ತಾರೆ. ವಾಸ್ತವದಲ್ಲಿ ಅರ್ಧಕ್ಕಿಂತ ಹೆಚ್ಚಿನ ಕೆಲಸ ಕಾಲಿನದು. ಮೊದಲು ಕಾಲು ಒತ್ತಬೇಕು, ಆಮೇಲೆ ಸೊಂಟದಿಂದ ಮೈ ಹಿಂದಕ್ಕೆ ವಾಲಬೇಕು, ಕೊನೆಗೆ ಕೈ ಎಳೆಯಬೇಕು. ಮರಳುವಾಗ ಇದೇ ತಲೆಕೆಳಗು: ಕೈ, ಮೈ, ಕಾಲು. ಈ ಕ್ರಮ ತಪ್ಪಿ ಬೆನ್ನು ಗೂನು ಮಾಡಿಕೊಂಡು ಕೈಯಿಂದಲೇ ಎಳೆಯುವವರಿಗೆ ವಾರದೊಳಗೆ ಸೊಂಟ ಹಿಡಿಯುತ್ತದೆ. ಹುಟ್ಟು ಹಾಕುವ ಕ್ರೀಡಾಪಟುಗಳಲ್ಲೂ ಅತಿ ಸಾಮಾನ್ಯವಾದ ತೊಂದರೆ ಕೆಳಬೆನ್ನಿನದೇ. ಆದ್ದರಿಂದ ಮೊದಲ ಎರಡು ವಾರದ ಗುರಿ ದೂರವೂ ಅಲ್ಲ, ವೇಗವೂ ಅಲ್ಲ. ಈ ಕ್ರಮವನ್ನು ಮೈಗೆ ಕಲಿಸುವುದು ಮಾತ್ರ. ಮನೆಯವರು ಯಾರಾದರೂ ಪಕ್ಕದಿಂದ ಮೊಬೈಲಿನಲ್ಲಿ ಒಂದು ನಿಮಿಷದ ವಿಡಿಯೊ ತೆಗೆದು ತೋರಿಸಿದರೆ ತಪ್ಪು ತಾನೇ ಕಾಣುತ್ತದೆ.

ಫ್ಯಾನಿನ ಪಕ್ಕದಲ್ಲಿ 1ರಿಂದ 10ರವರೆಗೆ ಅಂಕಿ ಇರುವ ಒಂದು ಸಣ್ಣ ಸನ್ನೆ ಇರುತ್ತದೆ. ನಮ್ಮವರು ಅದನ್ನು ನೇರವಾಗಿ ಹತ್ತಕ್ಕೆ ತಳ್ಳಿ, ಕೊಟ್ಟ ದುಡ್ಡಿಗೆ ಪೂರ್ತಿ ವ್ಯಾಯಾಮ ವಸೂಲಾಯಿತೆಂದು ಸಂತೋಷಪಡುತ್ತಾರೆ. ಅದು ಸೈಕಲ್ಲಿನ ಗೇರಿನಂತೆ. ಹತ್ತು ಎಂದರೆ ಭಾರದ ದೋಣಿ, ಮೂರು ಎಂದರೆ ಹಗುರ ದೋಣಿ. ಎಷ್ಟು ಶ್ರಮ ಹಾಕುತ್ತೀರಿ ಎಂಬುದು ನಿಮ್ಮ ಕಾಲಿನ ಮೇಲಿದೆ, ಸನ್ನೆಯ ಮೇಲಲ್ಲ. ಸಾಮಾನ್ಯರಿಗೆ ಮೂರರಿಂದ ಐದು ಸಾಕು.

ಇನ್ನು ಪರದೆಯ ಮೇಲಿನ ಅಂಕಿಗಳು. ಎಡವಟ್ಟು ಆಗುವುದೆಲ್ಲ ಇಲ್ಲಿಯೇ. ಯಂತ್ರ ನಿಮಿಷ ತೋರಿಸುತ್ತದೆ, ಮೀಟರ್ ತೋರಿಸುತ್ತದೆ, ನಿಮಿಷಕ್ಕೆ ಎಷ್ಟು ಸಲ ಎಳೆದಿರೆಂದು ತೋರಿಸುತ್ತದೆ, ಎಷ್ಟು ಕ್ಯಾಲೊರಿ ಕರಗಿತೆಂದು ತೋರಿಸುತ್ತದೆ. ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು, ಈ ವೇಗದಲ್ಲಿ ಐನೂರು ಮೀಟರ್ ಸಾಗಲು ಎಷ್ಟು ಸಮಯ ಹಿಡಿಯುತ್ತದೆ ಎಂಬ ಅಂಕಿ. ಜನ ಇದನ್ನೇ ಗುರಿ ಮಾಡಿಕೊಳ್ಳುತ್ತಾರೆ. ಅಂಗಡಿ ನಡೆಸುವ, ಐವತ್ತರ ಆಸುಪಾಸಿನ ಒಬ್ಬರು ಎರಡು ತಿಂಗಳು ಬಿಟ್ಟು ಬಂದು ಕೇಳಿದ್ದು ಹೀಗೆ: "ಡಾಕ್ಟ್ರೇ, ಮೊದಮೊದಲು ವಾರ ವಾರಕ್ಕೂ ಟೈಮು ಇಳೀತಿತ್ತು. ಮೂರು ನಿಮಿಷದಿಂದ ಎರಡೂಮುಕ್ಕಾಲಿಗೆ ಬಂದೆ, ಎರಡೂವರೆಗೂ ಬಂದೆ. ಈಗ ಏನು ಮಾಡಿದ್ರೂ ಇಳೀತಿಲ್ಲ. ಮೆಷಿನ್ನೇ ಕೆಟ್ಟಿರಬೇಕು ಅಲ್ವಾ?"

"ಮೆಷಿನ್ ಕೆಟ್ಟಿಲ್ಲ ಯಜಮಾನ್ರೇ, ಲೆಕ್ಕವೇ ಹಾಗಿದೆ" ಎಂದು ಅವರಿಗೆ ಚೀಟಿಯ ಹಿಂಬದಿಯಲ್ಲಿ ಬರೆದು ತೋರಿಸಬೇಕಾಯಿತು.

ಓದುಗರಿಗೂ ಅದೇ ಲೆಕ್ಕ ಕೊಡುತ್ತೇನೆ. ಗಾಳಿಯ ಚಕ್ರದ ಯಂತ್ರದಲ್ಲಿ ವೇಗ ಎರಡು ಪಟ್ಟಾಗಬೇಕಾದರೆ ಶಕ್ತಿ ಎಂಟು ಪಟ್ಟು ಬೇಕು. ಐನೂರು ಮೀಟರಿಗೆ ಮೂರು ನಿಮಿಷ ಎಂದರೆ ನೀವು ಹಾಕುವ ಶಕ್ತಿ 60 ವ್ಯಾಟ್, ಒಂದು ಹಳೆಯ ಬಲ್ಬಿನಷ್ಟು. ಎರಡು ನಿಮಿಷ 45 ಸೆಕೆಂಡಿಗೆ ಇಳಿಸಲು 78 ವ್ಯಾಟ್ ಸಾಕು. ಅಂದರೆ ಮೊದಲ ಹದಿನೈದು ಸೆಕೆಂಡಿನ ಬೆಲೆ 18 ವ್ಯಾಟ್. ಎರಡೂವರೆ ನಿಮಿಷಕ್ಕೆ ಸುಮಾರು 104 ವ್ಯಾಟ್, ಎರಡೂಕಾಲು ನಿಮಿಷಕ್ಕೆ 142, ಎರಡು ನಿಮಿಷಕ್ಕೆ 202. ಕೊನೆಯ ಹದಿನೈದು ಸೆಕೆಂಡಿನ ಬೆಲೆ 60 ವ್ಯಾಟ್! ಅದೇ ಹದಿನೈದು ಸೆಕೆಂಡು, ಬೆಲೆ ಮಾತ್ರ ಮೂರು ಪಟ್ಟಿಗಿಂತ ಹೆಚ್ಚು. ಇದು ಗೊತ್ತಿಲ್ಲದವರು ಎರಡನೆಯ ತಿಂಗಳಲ್ಲಿ ತಮ್ಮ ಮೈಯನ್ನು ಬೈದುಕೊಳ್ಳುತ್ತಾರೆ, ಇಲ್ಲವೇ ಹಲ್ಲು ಕಚ್ಚಿ ಎಳೆದು ಬೆನ್ನು ಕೆಡಿಸಿಕೊಳ್ಳುತ್ತಾರೆ, ಇಲ್ಲವೇ ಯಂತ್ರದ ಮೇಲೆ ಒಗೆದ ಪಂಚೆ ಹರಡುತ್ತಾರೆ. ಆರಂಭದಲ್ಲಿ ಸರಸರ ಇಳಿದ ಅಂಕಿ ಆಮೇಲೆ ನಿಧಾನವಾಗುವುದು ಸೋಲಿನ ಲಕ್ಷಣವಲ್ಲ, ಗಣಿತ.

ಇನ್ನೂ ಒಂದು ಮಾತು. ಗಾಳಿಯ ಚಕ್ರದ ಯಂತ್ರದ ಮೀಟರೂ, ಕಡಿಮೆ ಬೆಲೆಗೆ ಸಿಗುವ ಅಯಸ್ಕಾಂತದ ಅಥವಾ ಪಂಪಿನ ಮಾದರಿಯ ಮೀಟರೂ ಒಂದೇ ಅಲ್ಲ. ಮೈಸೂರಿನ ಭಾವಮೈದ ಅವರ ಯಂತ್ರದಲ್ಲಿ ಇಪ್ಪತ್ತು ನಿಮಿಷಕ್ಕೆ ಐದು ಸಾವಿರ ಮೀಟರ್ ಎಳೆದರೆಂದು ನೀವು ನಿಮ್ಮ ಯಂತ್ರದಲ್ಲಿ ಅಷ್ಟೇ ಎಳೆಯಲು ಹೋಗುವುದು ಸೇರಿನಲ್ಲಿ ಅಳೆದದ್ದನ್ನು ಕಿಲೋದೊಂದಿಗೆ ಹೋಲಿಸಿದಂತೆ. ನಿಮ್ಮ ಅಂಕಿಯನ್ನು ಹೋಲಿಸಬೇಕಾದ್ದು ಅದೇ ಯಂತ್ರದಲ್ಲಿ, ಸನ್ನೆ ಅದೇ ಅಂಕಿಯಲ್ಲಿರುವಾಗ, ನೀವೇ ಹೋದ ತಿಂಗಳು ಮಾಡಿದ ಅಂಕಿಯೊಂದಿಗೆ. ಕ್ಯಾಲೊರಿಯ ಅಂಕಿಯನ್ನಂತೂ ನೋಡಲೇಬೇಡಿ ಎನ್ನುತ್ತೇನೆ. ಯಂತ್ರಕ್ಕೆ ನಿಮ್ಮ ತೂಕ ಗೊತ್ತಿಲ್ಲ. ಸುಮಾರು 80 ಕಿಲೋ ತೂಗುವವರು ಕೂತಿದ್ದಾರೆಂದು ಊಹಿಸಿ ಅದು ಲೆಕ್ಕ ಹೇಳುತ್ತದೆ. ಐವತ್ತೈದು ಕಿಲೋದ ತಾಯಿಯೊಬ್ಬರು ಪರದೆಯ ಅಂಕಿಯನ್ನು ನಂಬಿ ಬೆಣ್ಣೆ ಹಾಕಿದ ಮಸಾಲೆ ದೋಸೆಗೆ ಕೂತರೆ, ಕರಗಿದ್ದಕ್ಕಿಂತ ಸೇರಿದ್ದೇ ಹೆಚ್ಚಾಗುವುದು ಖಂಡಿತ.

ಹಾಗಾದರೆ ಗುರಿ ಯಾವುದಿರಬೇಕು? ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು, ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮ, ಅಥವಾ 75ರಿಂದ 150 ನಿಮಿಷ ಬಿರುಸಾದ ಶ್ರಮ. ಜೊತೆಗೆ ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ಇದು ತಲುಪಬೇಕಾದ ಊರು. ಬಸ್ಸು ಹತ್ತಿದ ಕೂಡಲೇ ಊರು ಬರುವುದಿಲ್ಲ. ನಾನು ಹೇಳುವುದು ಹೀಗೆ: ಮೊದಲ ವಾರ ಮೂರು ದಿನ, ದಿನಕ್ಕೆ ಹತ್ತು ನಿಮಿಷ. ನಿಮಿಷಕ್ಕೆ ಇಪ್ಪತ್ತರ ಆಸುಪಾಸು ಸಲ ಎಳೆದರೆ ಸಾಕು. ಎಳೆಯುತ್ತಲೇ ಪಕ್ಕದವರೊಂದಿಗೆ ಎರಡು ವಾಕ್ಯ ಮಾತಾಡಲು ಸಾಧ್ಯವಾಗಬೇಕು, ಹಾಡಲು ಆಗಬಾರದು. ಮಾತೇ ಹೊರಡದಿದ್ದರೆ ಶ್ರಮ ಹೆಚ್ಚಾಯಿತು, ಹಾಡು ಬಂದರೆ ಕಡಿಮೆಯಾಯಿತು. ವಾರಕ್ಕೆ ದಿನವೊಂದಕ್ಕೆ ಎರಡು ಮೂರು ನಿಮಿಷ ಏರಿಸುತ್ತಾ ಹೋದರೆ, ಎರಡು ತಿಂಗಳು ತುಂಬುವ ಹೊತ್ತಿಗೆ ಅರ್ಧ ಗಂಟೆ ಆಗುತ್ತದೆ. ಆಮೇಲೆ ದಿನಗಳನ್ನು ಮೂರರಿಂದ ನಾಲ್ಕಕ್ಕೆ, ಐದಕ್ಕೆ ಏರಿಸಿ. ಮೂರು ತಿಂಗಳಲ್ಲಿ ವಾರಕ್ಕೆ 150 ನಿಮಿಷ ತಲುಪಿದಿರಿ. ಮದುವೆ, ಜಾತ್ರೆ, ಜ್ವರ ಎಂದು ಒಂದು ವಾರ ತಪ್ಪಿತೇ? ತಪ್ಪಿದ್ದನ್ನೆಲ್ಲ ಬಡ್ಡಿ ಸಮೇತ ತೀರಿಸಲು ಹೋಗಬೇಡಿ. ಬಿಟ್ಟಾಗ ಎಷ್ಟಿತ್ತೋ ಅದರ ಮೂರನೇ ಎರಡು ಭಾಗದಿಂದ ಮತ್ತೆ ಹಿಡಿಯಿರಿ.

ಗಮನಿಸಿ, ಇದರಲ್ಲಿ ಎಲ್ಲಿಯೂ ವೇಗದ ಮಾತಿಲ್ಲ, ತೂಕದ ಮಾತೂ ಇಲ್ಲ. ಗುರಿ ಎಂದರೆ ನಮ್ಮ ಕೈಯಲ್ಲಿರುವ ಸಂಗತಿಯಾಗಿರಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಇವತ್ತು ಪೀಠದ ಮೇಲೆ ಕೂರುವುದು ನನ್ನ ಕೈಯಲ್ಲಿದೆ. ತಿಂಗಳಿಗೆ ಐದು ಕಿಲೋ ಇಳಿಯುವುದು ನನ್ನ ಕೈಯಲ್ಲಿಲ್ಲ. ಅದು ಊಟ, ನಿದ್ದೆ, ಥೈರಾಯ್ಡ್, ನುಂಗುವ ಮಾತ್ರೆ, ವಯಸ್ಸು ಎಲ್ಲವೂ ಸೇರಿ ತೀರ್ಮಾನಿಸುವ ವಿಚಾರ. ಶಾಲೆಯಲ್ಲಿ ಹಾಜರಿ ಪುಸ್ತಕ ಬೇರೆ, ಅಂಕಪಟ್ಟಿ ಬೇರೆ. ಮೊದಲ ಮೂರು ತಿಂಗಳು ಹಾಜರಿ ಪುಸ್ತಕವೊಂದೇ ಇರಲಿ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಗುರಿಯೂ ಹೀಗೇ ಎಲ್ಲರ ತಲೆಯಲ್ಲಿ ಕೂತಿದೆ. ಅದು 1965ರಲ್ಲಿ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಉಪಕರಣ ಮಾರಲು ಇಟ್ಟ ಹೆಸರಿನಿಂದ ಬಂದದ್ದು. ಉರುಟಾದ ಅಂಕಿ ನೋಡಲು ಚೆಂದ, ಅಷ್ಟೇ.

ಲೆಕ್ಕ ಇಡುವುದು ಹೇಗೆ? ಇದಕ್ಕೆ ವಾಚು, ಆ್ಯಪು ಏನೂ ಬೇಕಿಲ್ಲ. ನಮ್ಮ ಮನೆಗಳಲ್ಲಿ ಲೆಕ್ಕ ಇಡುವ ಕಲೆ ಮೊದಲಿನಿಂದಲೂ ಇದೆ. ಹಾಲಿನವನು ಬಾರದ ದಿನಕ್ಕೆ ಕ್ಯಾಲೆಂಡರಿನಲ್ಲಿ ಸುನ್ನೆ ಹಾಕುವುದು, ಗ್ಯಾಸ್ ಸಿಲಿಂಡರ್ ಬಂದ ತಾರೀಕು ಬರೆಯುವುದು ಯಾವ ಮನೆಯಲ್ಲಿಲ್ಲ? ಹಳ್ಳಿಯ ಡೇರಿಗೆ ಹಾಲು ಹಾಕುವವರು ಎಷ್ಟು ಲೀಟರ್, ಎಷ್ಟು ಫ್ಯಾಟ್ ಎಂದು ಬೆಳಿಗ್ಗೆ ಸಂಜೆ ಬರೆಸುತ್ತಾರೆ. ಅರಸೀಕೆರೆ ಮಾರುಕಟ್ಟೆಗೆ ಕೊಬ್ಬರಿ ತರುವ ರೈತ ಒಂದು ಚೀಲವನ್ನೂ ತೂಕಕ್ಕೆ ಹಾಕದೆ ಬಿಡುವುದಿಲ್ಲ. ಅದೇ ಕ್ಯಾಲೆಂಡರಿನ ಚೌಕದಲ್ಲಿ ಇಂದು ಎಷ್ಟು ನಿಮಿಷ ಎಂದು ಬರೆಯಿರಿ. ಪಕ್ಕದಲ್ಲಿ ಒಂದು ಅಕ್ಷರ: ಸುಲಭವಾಗಿದ್ದರೆ 'ಸು', ಹದವಾಗಿದ್ದರೆ 'ಹ', ಕಷ್ಟವಾಗಿದ್ದರೆ 'ಕ'. ಇಷ್ಟೇ. ಈ ಒಂದು ಅಕ್ಷರವೇ ವೈದ್ಯನಿಗೆ ಎಲ್ಲಕ್ಕಿಂತ ಉಪಯುಕ್ತ. ಅದೇ ಹದಿನೈದು ನಿಮಿಷ ಎರಡು ವಾರದ ಹಿಂದೆ 'ಸು' ಇದ್ದು ಈಗ ದಿನವೂ 'ಕ' ಆಗುತ್ತಿದ್ದರೆ, ಮೈಯಲ್ಲಿ ಏನೋ ನಡೆದಿದೆ ಎಂದರ್ಥ. ರಕ್ತಹೀನತೆ ಇರಬಹುದು, ನಿದ್ದೆ ಕೆಟ್ಟಿರಬಹುದು, ಹೃದಯವೇ ಸೂಚನೆ ಕೊಡುತ್ತಿರಬಹುದು. ಕ್ಯಾಲೆಂಡರಿನ ಹಾಳೆಯನ್ನೇ ಹರಿದುಕೊಂಡು ಬಂದು ತೋರಿಸಿ.

ತಿಂಗಳಿಗೊಂದು ಸಲ ಮಾತ್ರ ಪರೀಕ್ಷೆ. ಅದೇ ಹೊತ್ತು, ಹೊಟ್ಟೆ ಅದೇ ಸ್ಥಿತಿ, ಸನ್ನೆ ಅದೇ ಅಂಕಿ; ಹದವಾದ ಶ್ರಮದಲ್ಲಿ ಹತ್ತು ನಿಮಿಷಕ್ಕೆ ಎಷ್ಟು ಮೀಟರ್ ಆಯಿತು ಎಂದು ಬರೆದಿಡಿ. ಕ್ರೀಡಾಪಟುಗಳು ಎರಡು ಸಾವಿರ ಮೀಟರನ್ನು ಜೀವ ಬಿಟ್ಟು ಎಳೆಯುವ ಪರೀಕ್ಷೆ ಮಾಡಿಕೊಳ್ಳುತ್ತಾರೆ. ನಲವತ್ತು ದಾಟಿದ ಗೃಹಸ್ಥರಿಗೆ ಅದರ ಅಗತ್ಯವೇ ಇಲ್ಲ. ಇದರ ಜೊತೆಗೆ ತಿಂಗಳಿಗೊಮ್ಮೆ ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲಿನ ನಾಡಿ, ಸೊಂಟದ ಸುತ್ತಳತೆ, ಮತ್ತು ರಕ್ತದೊತ್ತಡ. ಸುತ್ತಳತೆಗೆ ದರ್ಜಿಯ ಟೇಪು ಸಾಕು. ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ಮೀರಬಾರದು. ತೂಕದ ಮುಳ್ಳು ಅಲ್ಲಾಡದಿದ್ದರೂ ಟೇಪು ಒಂದೆರಡು ಅಂಗುಲ ಒಳಗೆ ಬರುವುದನ್ನು ನಾನು ಅನೇಕರಲ್ಲಿ ಕಂಡಿದ್ದೇನೆ.

ಯಂತ್ರದ ಹೊರಗೊಂದು ಪರೀಕ್ಷೆಯೂ ನಮ್ಮ ಸೀಮೆಯಲ್ಲಿ ಸಿದ್ಧವಾಗಿದೆ. ಜೇನುಕಲ್ಲು ಸಿದ್ದೇಶ್ವರ ಬೆಟ್ಟಕ್ಕೆ ಹುಣ್ಣಿಮೆಗೆ ಹೋಗುವವರು ಎಷ್ಟು ಕಡೆ ನಿಂತು ಸುಧಾರಿಸಿಕೊಂಡಿರೆಂದು ಎಣಿಸಿ ಬರೆದಿಡಿ. ಮೂರು ಹುಣ್ಣಿಮೆ ಕಳೆದ ಮೇಲೆ ಮತ್ತೆ ಎಣಿಸಿ. ಪರದೆಯ ಮೇಲಿನ ಯಾವ ಅಂಕಿಗಿಂತಲೂ ನನಗೆ ಈ ಎಣಿಕೆಯ ಮೇಲೆ ನಂಬಿಕೆ ಹೆಚ್ಚು.

ಒಂದು ದಿನದ ಅಂಕಿಯನ್ನು ನೋಡಿ ತೀರ್ಪು ಕೊಟ್ಟುಕೊಳ್ಳುವವರಿಗೆ ದತ್ತು ಭೋಕನಾಲ್ ಅವರ ಕಥೆ ಹೇಳುವುದುಂಟು. ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯ ಬರದ ಸೀಮೆಯವರು, ಬಾವಿ ತೋಡುವ ಕೆಲಸ ಮಾಡಿ ಬೆಳೆದವರು. 2012ರಲ್ಲಿ ಸೇನೆ ಸೇರಿದ ಮೇಲೆ ಪುಣೆಯಲ್ಲಿ ಹುಟ್ಟು ಹಿಡಿಯುವುದನ್ನು ಕಲಿತರು. ಅಲ್ಲಿಯವರೆಗೆ ನೀರೆಂದರೆ ಹೆದರಿಕೆಯಂತೆ. ನಾಲ್ಕೇ ವರ್ಷದಲ್ಲಿ ರಿಯೊ ಒಲಿಂಪಿಕ್ಸ್‌ನಲ್ಲಿ 13ನೆಯ ಸ್ಥಾನ. 2018ರ ಏಷ್ಯನ್ ಕ್ರೀಡೆಗಳಲ್ಲಿ ಮೈ ಹುಷಾರಿಲ್ಲದೆ ಒಬ್ಬರೇ ಸ್ಪರ್ಧಿಸಿದ ಫೈನಲ್‌ನಲ್ಲಿ ಎಲ್ಲರಿಗಿಂತ ಹಿಂದೆ ಬಂದರು. ಮರುದಿನವೇ ಮೂವರು ಸಂಗಡಿಗರೊಂದಿಗೆ ನಾಲ್ವರ ದೋಣಿಯಲ್ಲಿ ಚಿನ್ನದ ಪದಕ ಗೆದ್ದರು. ನಮ್ಮಲ್ಲಿಯೂ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪಿನ ಯೋಧರು ಅಭ್ಯಾಸ ಮಾಡುವುದುಂಟು. ಅವರಿಗೆಲ್ಲ ತರಬೇತುದಾರರಿದ್ದಾರೆ, ವೈದ್ಯರಿದ್ದಾರೆ. ಜ್ವರ ಇಳಿದ ಮರುದಿನವೇ ಯಂತ್ರ ಹತ್ತಲು ನಾವು ಅವರನ್ನು ಮಾದರಿ ಮಾಡಿಕೊಳ್ಳುವುದು ಬೇಡ.

ಈಗ ಮನೆಯ ಇನ್ನೊಂದು ಅರ್ಧದ ವಿಷಯ. ಲ್ಯಾನ್ಸೆಟ್ ಪತ್ರಿಕಾ ಸಮೂಹದಲ್ಲಿ 2024ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ, 2022ರಲ್ಲಿ ಭಾರತದ ವಯಸ್ಕರಲ್ಲಿ ಅರ್ಧದಷ್ಟು ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇರಲಿಲ್ಲ. ಗಂಡಸರಲ್ಲಿ ಇದು ಶೇಕಡಾ 42, ಹೆಂಗಸರಲ್ಲಿ ಶೇಕಡಾ 57. "ನಮ್ಮಮ್ಮ ಬೆಳಿಗ್ಗೆಯಿಂದ ರಾತ್ರಿವರೆಗೆ ಓಡಾಡ್ತಾನೇ ಇರ್ತಾರೆ ಸಾರ್, ಅವರಿಗೆಂಥ ವ್ಯಾಯಾಮ" ಎನ್ನುವ ಮಕ್ಕಳನ್ನು ನಾನು ದಿನವೂ ನೋಡುತ್ತೇನೆ. ಆ ತಾಯಿ ಓಡಾಡುವುದು ಹೌದು. ಆದರೆ ಮಿಕ್ಸಿ, ಗ್ಯಾಸ್, ನಲ್ಲಿ ನೀರು ಬಂದ ಮೇಲೆ ಆ ಓಡಾಟದಲ್ಲಿ ದಣಿವಿದೆ, ಎದೆಬಡಿತ ಏರಿಸುವ ಶ್ರಮ ಕಡಿಮೆ. ಮೊಣಕಾಲು ನೋಯುವ ಇಂಥವರಿಗೆ ಈ ಯಂತ್ರ ಒಳ್ಳೆಯದು. ನೆಲಕ್ಕೆ ಹೆಜ್ಜೆ ಬಡಿಯುವುದಿಲ್ಲ, ಮೈಭಾರ ಪೀಠದ ಮೇಲೆ ಇರುತ್ತದೆ. ಮೊಣಕಾಲನ್ನು ಪೂರ್ತಿ ಮಡಿಸದೆ ಅರ್ಧ ಹಳಿಯಷ್ಟೇ ಜಾರಿದರೂ ಸಾಕು. ಮಳೆಗಾಲವಿಡೀ ಜಿಟಿಜಿಟಿ ಹಿಡಿಯುವ ಬೇಲೂರಿನ ಕಡೆ, ಅದರಲ್ಲೂ ಕಾಡಾನೆಯ ಭಯದಿಂದ ಬೆಳಗಿನ ಜಾವ ಹೊರಗೆ ಕಾಲಿಡಲಾಗದ ಕಾಫಿ ತೋಟದ ಊರುಗಳಲ್ಲಿ, ಹೆಂಗಸರಿಗೆ ಬಾಗಿಲೊಳಗಿನ ವ್ಯಾಯಾಮದ ಅನುಕೂಲ ಬೇರೆಯೇ. ಆದರೆ ಯಂತ್ರ ಖಾಲಿಯಿದ್ದರೆ ಸಾಲದು, ಅವರ ಕೈ ಖಾಲಿಯಾಗಬೇಕು. ಅತ್ತೆಯೋ ಸೊಸೆಯೋ ಹುಟ್ಟು ಹಾಕುವ ಆ ಇಪ್ಪತ್ತು ನಿಮಿಷ ಒಲೆಯ ಮುಂದೆ ಯಾರು ನಿಲ್ಲುತ್ತಾರೆ ಎಂದು ಮೊದಲು ತೀರ್ಮಾನಿಸಿ, ಆಮೇಲೆ ಕ್ಯಾಲೆಂಡರಿನಲ್ಲಿ ಅವರ ಹೆಸರು ಬರೆಯಿರಿ. ಗಂಡಸರು ಗುರಿ ಇಟ್ಟುಕೊಳ್ಳುವುದು, ಹೆಂಗಸರು ಅವರಿಗೆ ಬಿಸಿನೀರು ಕಾಯಿಸುವುದು, ಇದು ಯಾವ ನ್ಯಾಯ?

ಇನ್ನು ಎಚ್ಚರಿಕೆಗಳು. ಯಂತ್ರಕ್ಕೆ ದುಡ್ಡು ಕೊಡುವ ಮೊದಲು ನಲವತ್ತು ದಾಟಿದವರು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತವಾದವರಿದ್ದರೆ ಅದಕ್ಕೂ ಮೊದಲೇ, ರಕ್ತದೊತ್ತಡ, ಸಕ್ಕರೆ, ಕೊಲೆಸ್ಟ್ರಾಲ್ ನೋಡಿಸಿಕೊಳ್ಳಿ. ಇಸಿಜಿ ಬೇಕೋ, ಇನ್ನೂ ಹೆಚ್ಚಿನ ಪರೀಕ್ಷೆ ಬೇಕೋ ಎಂಬುದನ್ನು ನಿಮ್ಮ ವೈದ್ಯರು ಹೇಳಲಿ. ಐಸಿಎಂಆರ್ ನಡೆಸಿ 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ ದೇಶದ ವಯಸ್ಕರಲ್ಲಿ ಶೇಕಡಾ 11.4 ಮಂದಿಗೆ ಮಧುಮೇಹವಿದೆ. ನೂರು ಜನರಲ್ಲಿ ಹನ್ನೊಂದು ಎಂದರೆ, ಹತ್ತಿರ ಹತ್ತಿರ ಪ್ರತಿ ಎರಡು ಮೂರು ಮನೆಗೆ ಒಬ್ಬರು. ರಕ್ತದೊತ್ತಡ 180ರ ಮೇಲೆ ಅಥವಾ ಕೆಳಗಿನ ಅಂಕಿ 110ರ ಮೇಲೆ ಇದ್ದರೆ ಮೊದಲು ಅದು ಹತೋಟಿಗೆ ಬರಲಿ. ಬಿಪಿ ಇರುವವರು ಎಳೆಯುವಾಗ ಉಸಿರು ಬಿಗಿಹಿಡಿಯಬಾರದು; ಕಾಲು ಒತ್ತುವಾಗ ಉಸಿರು ಹೊರಗೆ, ಮರಳುವಾಗ ಒಳಗೆ. ಮೆಟೊಪ್ರೊಲಾಲ್, ಅಟೆನೊಲಾಲ್ ಮುಂತಾದ ಮಾತ್ರೆ ನುಂಗುವವರು ನಾಡಿಬಡಿತದ ಗುರಿ ಇಟ್ಟುಕೊಳ್ಳಲೇಬಾರದು. ಆ ಮಾತ್ರೆಗಳು ಬಡಿತವನ್ನು ಏರಗೊಡುವುದಿಲ್ಲ. ವಾಚಿನಲ್ಲಿ ಇನ್ನೂ ನೂರೂ ಆಗಿಲ್ಲವೆಂದು ಜೋರಾಗಿ ಎಳೆಯುತ್ತಾ ಹೋದರೆ ಮೈ ಕುಸಿಯುತ್ತದೆ. 220ರಿಂದ ವಯಸ್ಸನ್ನು ಕಳೆಯುವ ಲೆಕ್ಕವೂ ಸ್ಥೂಲವಾದದ್ದು, ಹತ್ತು ಹನ್ನೆರಡು ಬಡಿತ ಆಚೀಚೆ ಆಗುವುದು ಮಾಮೂಲು. ಮಾತಾಡುವ ಪರೀಕ್ಷೆಯೇ ಎಲ್ಲರಿಗೂ ಕ್ಷೇಮ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಯಂತ್ರ ಹತ್ತಬಾರದು, ಕೈಗೆಟಕುವಲ್ಲಿ ಸಕ್ಕರೆ ಅಥವಾ ಬೆಲ್ಲ ಇರಲಿ. ಪಾದದ ಪಟ್ಟಿ ಬಿಗಿದ ಜಾಗದಲ್ಲಿ ಗಾಯವಾಗಿದೆಯೇ ಎಂದು ಪ್ರತಿ ಸಲವೂ ನೋಡಿಕೊಳ್ಳಬೇಕು.

ಎದೆಯಲ್ಲಿ ಬಿಗಿತ, ಎಡಗೈಗೋ ದವಡೆಗೋ ಹರಿಯುವ ನೋವು, ಕಾರಣವಿಲ್ಲದ ತಣ್ಣನೆಯ ಬೆವರು, ಕಣ್ಣು ಕತ್ತಲೆ, ಇವುಗಳಲ್ಲಿ ಯಾವುದು ಬಂದರೂ ಉಳಿದ ಎರಡು ನಿಮಿಷ ಮುಗಿಸಿಬಿಡೋಣ ಎನ್ನಬೇಡಿ. ಹಿಡಿ ಬಿಟ್ಟು ಕೂತುಕೊಳ್ಳಿ, ಮನೆಯವರನ್ನು ಕೂಗಿ. ಗ್ಯಾಸ್ ಇರಬಹುದೆಂದು ಸೋಡಾ ಕುಡಿದು ಮಲಗಿ ಹೊತ್ತು ಕಳೆಯುವುದೇ ನಮ್ಮ ಕಡೆ ಹೆಚ್ಚು ಜೀವಗಳನ್ನು ತೆಗೆಯುತ್ತಿರುವುದು. ಪುನೀತ್ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ತಂದಿರುವ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಗೆ ತೋರಿಸಿ, ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಹಾಸನಕ್ಕೋ ಮೈಸೂರಿಗೋ ಕಾರು ಹುಡುಕುವ ಮೊದಲು ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ. ನಿಮಿಷ ಬರೆಯುವ ಆ ಕ್ಯಾಲೆಂಡರಿನ ಮೇಲ್ತುದಿಯಲ್ಲಿ, ಮಕ್ಕಳಿಗೂ ಕಾಣುವಂತೆ, 108 ಎಂದು ದಪ್ಪಕ್ಷರದಲ್ಲಿ ಬರೆದಿಡಿ.